ರೋಬೋಟ್‌ನ ಮುಖದಲ್ಲಿ ಕೋಪ ನಿದ್ದೆಯಂತೆ ಕಾಣುವುದೇಕೆ?

ಪ್ರಶ್ನೆ: ಮೇಜಿನ ಮೇಲೆ ಕೂತು ಜನರೊಡನೆ ಮಾತನಾಡುವ ಪುಟ್ಟ ರೋಬೋಟ್ ಒಂದನ್ನು ಕಾಲೇಜಿನ ಪ್ರಾಜೆಕ್ಟ್‌ಗಾಗಿ ಮಾಡುತ್ತಿದ್ದೇವೆ. ಮುಖದಲ್ಲಿ ಎರಡು ಕಣ್ಣು, ಒಂದು ಬಾಯಿ, ಏರಿಳಿಯುವ ಮತ್ತು ಓರೆಯಾಗುವ ಎರಡು ನೇರ ಹುಬ್ಬುಗಳು, ನೆಟ್ಟಗೆ ಕೆಳಗಿಳಿಯುವ ರೆಪ್ಪೆಗಳು ಇವೆ. ಸಂತೋಷ, ದುಃಖ, ಕೋಪ, ಭಯ, ಆಶ್ಚರ್ಯ, ಅಸಹ್ಯ ಎಂಬ ಆರು ಭಾವಗಳ ಚಿತ್ರಗಳನ್ನು ಜನರಿಗೆ ತೋರಿಸಿ, ಪಟ್ಟಿಯಿಂದ ಒಂದನ್ನು ಆರಿಸಲು ಕೇಳಿದೆವು. ಸಂತೋಷ ಮತ್ತು ದುಃಖವನ್ನು ಹೆಚ್ಚಿನವರು ಗುರುತಿಸಿದರು. ಭಯವನ್ನು ಆಶ್ಚರ್ಯವೆಂದರು. ಕೋಪದ ಮುಖ ನೋಡಿ ನಕ್ಕು, 'ಇದಕ್ಕೆ ನಿದ್ದೆ ಬಂದಿದೆ' ಎಂದರು. ಮುಖ ಚಲಿಸತೊಡಗಿದಾಗ ಒಂದಿಬ್ಬರು 'ಯಾಕೋ ದಿಗಿಲಾಗುತ್ತದೆ' ಎಂದೂ ಹೇಳಿದರು. ಮುಖವನ್ನು ಮನುಷ್ಯರ ಮುಖಕ್ಕೆ ಇನ್ನಷ್ಟು ಹತ್ತಿರ ತರಬೇಕೆ? ಮುಖವನ್ನು ಪರದೆಯ ಮೇಲೆ ಬಿಡಿಸುವುದು ಒಳ್ಳೆಯದೋ ಮೋಟರ್‌ಗಳಿಂದ ಆಡಿಸುವುದು ಒಳ್ಳೆಯದೋ? ಸ್ವಿಚ್ ಆಫ್ ಮಾಡುವಾಗ ಅದು ಅಳುಮುಖ ಮಾಡಿದರೆ ಜನರಿಗೆ ಆಪ್ತವೆನಿಸುತ್ತದೆಯೆ?

ಉತ್ತರ: ನಿಮ್ಮ ರೋಬೋಟನ್ನು ನೋಡಿದವರು ತಪ್ಪಾಗಿ ಓದಲಿಲ್ಲ. ಮುಖದಲ್ಲಿ ಇದ್ದದ್ದನ್ನೇ ಓದಿದ್ದಾರೆ. ಕೋಪ ನಿದ್ದೆಯಾದದ್ದಕ್ಕೂ ಭಯ ಆಶ್ಚರ್ಯವಾದದ್ದಕ್ಕೂ ಕಾರಣ ನಿಮ್ಮ ಹುಬ್ಬು ಮತ್ತು ರೆಪ್ಪೆಗಳ ಯಂತ್ರರಚನೆಯಲ್ಲಿದೆ. ಅದನ್ನು ಸರಿಪಡಿಸುವುದು ಕಷ್ಟವೇನಲ್ಲ, ಹೇಗೆಂದು ಹೇಳುತ್ತೇನೆ. ಆದರೆ ಅದೆಲ್ಲ ಮುಗಿದ ಮೇಲೆ ಆ ಆರು ಭಾವಗಳ ಪಟ್ಟಿಯನ್ನೇ ಪಕ್ಕಕ್ಕಿಡಿ ಎಂದೂ ಹೇಳಲಿದ್ದೇನೆ.

ಮುಖದ ಚಲನೆಗಳನ್ನು ಸ್ನಾಯುಗಳ ಲೆಕ್ಕದಲ್ಲಿ ಬಿಡಿಸಿ, ಒಂದೊಂದಕ್ಕೂ ಸಂಖ್ಯೆ ಕೊಡುವ ಒಂದು ಪದ್ಧತಿಯನ್ನು ಅಮೆರಿಕದ ಮನಶ್ಶಾಸ್ತ್ರಜ್ಞರಾದ ಪಾಲ್ ಎಕ್ಮನ್ ಮತ್ತು ವಾಲೆಸ್ ಫ್ರೀಸನ್ 1978ರಲ್ಲಿ ಪ್ರಕಟಿಸಿದರು. ರೋಬೋಟ್ ಮುಖ ಮಾಡುವವರಿಗೂ ಆನಿಮೇಷನ್ ಮಾಡುವವರಿಗೂ ಇಂದಿಗೂ ಅದೇ ವರ್ಣಮಾಲೆ. ಹುಬ್ಬಿನ ಒಳತುದಿ ಏರುವುದು 1. ಹೊರತುದಿ ಏರುವುದು 2. ಹುಬ್ಬುಗಳು ಕೆಳಗಿಳಿದು ಒಂದಕ್ಕೊಂದು ಹತ್ತಿರ ಸರಿಯುವುದು 4. ಮೇಲ್ರೆಪ್ಪೆ ಏರಿ ಕಣ್ಣು ಅಗಲವಾಗುವುದು 5. ರೆಪ್ಪೆಗಳು ಬಿಗಿಯುವುದು 7. ಆಶ್ಚರ್ಯವೆಂದರೆ 1, 2, 5 ಮತ್ತು ದವಡೆ ಜಾರುವುದು. ಭಯದಲ್ಲೂ 1, 2, 5 ಇವೆ. ಜೊತೆಗೆ 4 ಸೇರುತ್ತದೆ, ತುಟಿ ಅಡ್ಡಕ್ಕೆ ಎಳೆದುಕೊಳ್ಳುತ್ತದೆ. ಅಂದರೆ ಹುಬ್ಬು ಏಕಕಾಲಕ್ಕೆ ಮೇಲೇರಬೇಕು ಮತ್ತು ಗಂಟಿಕ್ಕಬೇಕು. ಮನುಷ್ಯರ ಹುಬ್ಬು ಬಾಗಬಲ್ಲದು, ಅದಕ್ಕೆ ಇದು ಸಾಧ್ಯ. ನಿಮ್ಮ ನೇರ ಪಟ್ಟಿ ಬಾಗುವುದಿಲ್ಲ. ಅದನ್ನು ಮೇಲೇರಿಸಿದರೆ ಆಶ್ಚರ್ಯವಾಗುತ್ತದೆ, ಒಳತುದಿ ಎತ್ತಿದರೆ ದುಃಖವಾಗುತ್ತದೆ, ಒಳತುದಿ ತಗ್ಗಿಸಿದರೆ ಕೋಪವಾಗುತ್ತದೆ. ಭಯವನ್ನು ಅದು ಉಚ್ಚರಿಸಲಾರದು. ಹುಬ್ಬನ್ನು ಮಧ್ಯದಲ್ಲಿ ಎರಡು ತುಂಡು ಮಾಡಿ ಒಂದು ಕೀಲು ಕೊಟ್ಟರೆ ಸಮಸ್ಯೆ ಬಹುಮಟ್ಟಿಗೆ ಬಗೆಹರಿಯುತ್ತದೆ. ಅಂದಹಾಗೆ, ನಿಜವಾದ ಮನುಷ್ಯರ ಚಿತ್ರಗಳಲ್ಲೂ ಜನರು ಹೆಚ್ಚಾಗಿ ಎಡವುವುದು ಈ ಜೋಡಿಯಲ್ಲೇ. ಹಾಗಾಗಿ ತೀರಾ ಬೇಸರ ಪಡಬೇಕಿಲ್ಲ.

ಕೋಪದ ಕಥೆ ಇನ್ನೂ ಸ್ವಾರಸ್ಯಕರ. ಸಿಟ್ಟುಗೊಂಡವರ ಕಣ್ಣು ಕಿರಿದಾಗುತ್ತದೆ ಎಂದುಕೊಂಡು ನೀವು ಮೇಲ್ರೆಪ್ಪೆಯನ್ನು ಅರ್ಧಕ್ಕೆ ಇಳಿಸಿದ್ದೀರಿ. ಆದರೆ ಕೋಪದಲ್ಲಿ ಮೇಲ್ರೆಪ್ಪೆ ಇಳಿಯುವುದಿಲ್ಲ, ಏರಲು ನೋಡುತ್ತದೆ. ಇಳಿಯುವುದು ಹುಬ್ಬು. ಏರುವ ರೆಪ್ಪೆ ಇಳಿಯುವ ಹುಬ್ಬಿಗೆ ಒತ್ತಿಕೊಂಡು, ಕೆಳರೆಪ್ಪೆಯೂ ಬಿಗಿದು, ದುರುಗುಟ್ಟುವ ನೋಟ ಹುಟ್ಟುತ್ತದೆ. ಮೇಲ್ರೆಪ್ಪೆ ಸಡಿಲವಾಗಿ, ನೆಟ್ಟಗೆ, ಕಣ್ಣಾಲಿಯ ಮೇಲೆ ಬಂದು ಕೂತರೆ ನೋಡುವವರಿಗೆ ಅದು ತೂಕಡಿಕೆಯೇ. ಪರಿಹಾರ ಹೀಗೆ: ಮೇಲ್ರೆಪ್ಪೆಯ ಅಂಚನ್ನು ಮೂಗಿನ ಕಡೆಗೆ ಓರೆಯಾಗಿಸಿ, ಒಳಮೂಲೆಯಲ್ಲಿ ಮಾತ್ರ ಕಣ್ಣಾಲಿಯನ್ನು ಸ್ವಲ್ಪ ಮುಚ್ಚಲಿ. ಕೆಳರೆಪ್ಪೆಯನ್ನು ಒಂದಿಷ್ಟು ಮೇಲಕ್ಕೆ ತನ್ನಿ. ಹೊರಮೂಲೆಯಲ್ಲಿ ಕಣ್ಣಿನ ಬಿಳಿ ಕಾಣುತ್ತಿರಲಿ. ಬಾಯಿಯನ್ನು ಗಿಡ್ಡ ಗೆರೆಯಾಗಿಸಿದರೆ ಸಾಕು, ಹಲ್ಲು ಕಡಿಯುವ ಚಿತ್ರವೇನೂ ಬೇಡ.

ಕೆಳರೆಪ್ಪೆಯ ಬಗ್ಗೆ ಇನ್ನೊಂದು ಮಾತು, ಏಕೆಂದರೆ ಹೊಸಬರು ಸಾಮಾನ್ಯವಾಗಿ ಮರೆಯುವುದು ಅದನ್ನೇ. ಮುಖದ ಸ್ನಾಯುಗಳಿಗೆ ವಿದ್ಯುತ್ ತಾಗಿಸಿ ಅಧ್ಯಯನ ಮಾಡಿದ ಫ್ರಾನ್ಸಿನ ವೈದ್ಯ ದುಶೆನ್ 1862ರಲ್ಲೇ ಬರೆದಿಟ್ಟಿದ್ದಾನೆ: ಮನಸಾರೆ ನಗುವಾಗ ತುಟಿಯ ಕೊನೆಯ ಜೊತೆಗೆ ಕಣ್ಣಿನ ಸುತ್ತಲಿನ ಸ್ನಾಯುವೂ ದುಡಿಯುತ್ತದೆ, ಕೆನ್ನೆ ಉಬ್ಬಿ ಕೆಳರೆಪ್ಪೆ ಮೇಲೇರುತ್ತದೆ. ಬಾಯಿಯೇ ಇಲ್ಲದ ರೋಬೋಟ್‌ಗಳು ಕೆಳಗಿನಿಂದ ಕಮಾನಿನಂತೆ ಕೊರೆದ ಕಣ್ಣುಗಳಿಂದಲೇ ಚೆನ್ನಾಗಿ ನಗುವುದು ಇದೇ ಕಾರಣಕ್ಕೆ. ನಿಮ್ಮ ಬಳಿ ಒಂದೇ ಒಂದು ಹೆಚ್ಚುವರಿ ಮೋಟರ್‌ಗೆ ಹಣವಿದ್ದರೆ ಅದನ್ನು ಕೆಳರೆಪ್ಪೆಗೆ ಹಾಕಿ.

ಅಸಹ್ಯವನ್ನು ಬಿಟ್ಟುಬಿಡಿ. ಅದರ ಮುಖ್ಯ ಗುರುತು ಮೂಗು ಸಿಂಡರಿಸುವುದು, ನಿಮ್ಮ ರೋಬೋಟ್‌ಗೆ ಮೂಗಿಲ್ಲ. ಅದಕ್ಕಿಂತ ಹೆಚ್ಚಾಗಿ, ಮೇಜಿನ ಮೇಲೆ ಕೂತು ಮಾತನಾಡುವ ಯಂತ್ರಕ್ಕೆ ಎದುರಿನವರ ಮೇಲೆ ಅಸಹ್ಯ ಪಡುವ ಕೆಲಸವಾದರೂ ಏನು?

ಈ ಕೊನೆಯ ಪ್ರಶ್ನೆಯನ್ನು ಉಳಿದ ಐದು ಭಾವಗಳಿಗೂ ಕೇಳಿಕೊಳ್ಳಿ. ಆರು ಮುಖಗಳ ಪಟ್ಟಿ ಮನಶ್ಶಾಸ್ತ್ರದ ಪ್ರಯೋಗಾಲಯದಿಂದ ಬಂದದ್ದು, ರೋಬೋಟ್‌ನ ಅಗತ್ಯದಿಂದ ಹುಟ್ಟಿದ್ದಲ್ಲ. ಮನಶ್ಶಾಸ್ತ್ರದಲ್ಲೂ ಅದರ ಬುಡ ಈಗ ಅಷ್ಟು ಗಟ್ಟಿಯಾಗಿ ಉಳಿದಿಲ್ಲ. ಮನಶ್ಶಾಸ್ತ್ರಜ್ಞೆ ಲೀಸಾ ಫೆಲ್ಡ್‌ಮನ್ ಬ್ಯಾರೆಟ್ ಮತ್ತು ಸಂಗಡಿಗರು 2019ರಲ್ಲಿ ಪ್ರಕಟಿಸಿದ ದೀರ್ಘ ಸಮೀಕ್ಷೆಯ ಪ್ರಕಾರ, ಸಿಟ್ಟು ಬಂದವರೆಲ್ಲ ಹುಬ್ಬು ಗಂಟಿಕ್ಕುವುದಿಲ್ಲ, ಹುಬ್ಬು ಗಂಟಿಕ್ಕಿದವರೆಲ್ಲ ಸಿಟ್ಟಾಗಿರುವುದೂ ಇಲ್ಲ. ಲೆಕ್ಕ ಬಿಡಿಸುವಾಗ ನಿಮ್ಮ ಹುಬ್ಬೂ ಗಂಟಿಕ್ಕುತ್ತದೆ. ಮುಖದ ಅರ್ಥದ ದೊಡ್ಡ ಪಾಲು ಸನ್ನಿವೇಶದಿಂದ ಬರುತ್ತದೆ. ರಷ್ಯಾದ ಚಿತ್ರನಿರ್ದೇಶಕ ಲೆವ್ ಕುಲೆಶೋವ್ ಒಂದೇ ನಿರ್ವಿಕಾರ ಮುಖದ ತುಣುಕನ್ನು ಬೇರೆ ಬೇರೆ ದೃಶ್ಯಗಳ ಪಕ್ಕ ಜೋಡಿಸಿದಾಗ ಪ್ರೇಕ್ಷಕರು ಅದರಲ್ಲಿ ಬೇರೆ ಬೇರೆ ಭಾವ ಕಂಡರು ಎಂಬುದು ಸಿನಿಮಾ ಕಲಿಯುವವರಿಗೆಲ್ಲ ಮೊದಲ ಪಾಠ. ನಿಮ್ಮ ರೋಬೋಟ್‌ನ ಮುಖವೂ ಹಾಗೆಯೇ ಓದಿಸಿಕೊಳ್ಳುತ್ತದೆ. ಪ್ರಶ್ನೆ ಕೇಳಿದ ಕೂಡಲೇ ಹುಬ್ಬು ಏರಿದರೆ ಅದು ಕುತೂಹಲ. ವಸ್ತು ಬಿದ್ದ ಸದ್ದಿಗೆ ಏರಿದರೆ ಬೆಚ್ಚಿಬಿದ್ದದ್ದು. ಹುಬ್ಬು ಅದೇ, ಕೋನವೂ ಅದೇ.

ಹಾಗಾದರೆ ಪಟ್ಟಿಯ ಜಾಗದಲ್ಲಿ ಏನಿಡಬೇಕು? ಎದುರು ಕೂತವರು ಮುಂದಿನ ಒಂದೆರಡು ಕ್ಷಣಗಳಲ್ಲಿ ಏನು ತಿಳಿದುಕೊಳ್ಳಬೇಕು ಎಂಬುದನ್ನು ಬರೆದಿಡಿ. ನನ್ನ ಮಾತು ಕೇಳಿಸಿಕೊಳ್ಳುತ್ತಿದೆಯೆ? ಯೋಚಿಸುತ್ತಿದೆಯೋ ಕೆಟ್ಟು ನಿಂತಿದೆಯೋ? ಅರ್ಥವಾಯಿತೆ? ಈಗ ಮಾತನಾಡುವ ಸರದಿ ಯಾರದು? ಇವುಗಳಿಗೆ ಮುಖ ಉತ್ತರ ಕೊಟ್ಟರೆ ಅರ್ಧ ಗೆದ್ದಂತೆ. 2012ರಲ್ಲಿ ಬಂದ ಬ್ಯಾಕ್ಸ್‌ಟರ್ ಎಂಬ ಕಾರ್ಖಾನೆ ರೋಬೋಟ್‌ಗೆ ಪರದೆಯ ಮೇಲೆ ಕಣ್ಣು ಕೊಟ್ಟದ್ದು ಮುದ್ದಾಗಿ ಕಾಣಲಿ ಎಂದಷ್ಟೇ ಅಲ್ಲ. ತೋಳು ಯಾವ ಕಡೆ ಚಲಿಸಲಿದೆಯೋ ಆ ಕಡೆಗೆ ಕಣ್ಣು ಮೊದಲೇ ಹೊರಳುತ್ತಿತ್ತು, ಪಕ್ಕದಲ್ಲಿ ನಿಂತ ಕೆಲಸಗಾರರಿಗೆ ಮುನ್ಸೂಚನೆ ಸಿಗುತ್ತಿತ್ತು. 2011ರಲ್ಲಿ ರೋಬೋಟ್ ಸಂಶೋಧಕಿ ಲೀಲಾ ತಕಯಾಮ ಮತ್ತು ಸಂಗಡಿಗರು ಒಬ್ಬ ಆನಿಮೇಟರ್‌ನ ನೆರವಿನಿಂದ ಇದನ್ನು ಪರೀಕ್ಷಿಸಿದರು. ಕೆಲಸಕ್ಕೆ ಕೈಹಾಕುವ ಮುನ್ನ ಯೋಚಿಸುವಂತೆ ಕಾಣುವ ರೋಬೋಟ್ ಏನು ಮಾಡಲಿದೆ ಎಂಬುದನ್ನು ಜನರು ಹೆಚ್ಚು ವಿಶ್ವಾಸದಿಂದ ಹೇಳಿದರು. ಸೋತಾಗ ಸೋತ ಭಾವ ತೋರಿಸಿದ ರೋಬೋಟ್ ಅವರಿಗೆ ಹೆಚ್ಚು ಜಾಣನಾಗಿ ಕಂಡಿತು. ಕೆಲಸ ಕೆಟ್ಟಿದ್ದರೂ ಜಾಣ! ಕೆಟ್ಟಿತೆಂದು ಅದಕ್ಕೆ ಗೊತ್ತಾಗಿದೆಯಲ್ಲ, ಅದೇ ಕಾರಣ.

ತಾಂತ್ರಿಕವಾಗಿ ಇದಕ್ಕೆ ಒಳ್ಳೆಯ ದಾರಿ ತೋರಿಸಿದ್ದು ಅಮೆರಿಕದ ಎಂಐಟಿ ವಿಶ್ವವಿದ್ಯಾಲಯದಲ್ಲಿ 1990ರ ದಶಕದ ಕೊನೆಗೆ ಸಿಂಥಿಯಾ ಬ್ರಜೀಲ್ ರೂಪಿಸಿದ ಕಿಸ್ಮೆಟ್ ಎಂಬ ರೋಬೋಟ್. ಅದರಲ್ಲಿ ಸಿದ್ಧ ಮುಖಗಳ ಡಬ್ಬಿ ಇರಲಿಲ್ಲ, ಮೂರು ಅಳತೆಗಳಿದ್ದವು: ಎಷ್ಟು ಚುರುಕಾಗಿದೆ, ಎಷ್ಟು ಹಿತವಾಗಿದೆ, ಎದುರಿನದರ ಕಡೆಗೆ ಎಷ್ಟು ತೆರೆದುಕೊಂಡಿದೆ. ಈ ಮೂರೂ ಹೇಗೆ ಏರಿಳಿದರೆ ಕಿವಿ, ಹುಬ್ಬು, ರೆಪ್ಪೆ, ತುಟಿಗಳು ಹಾಗೆ ಬೆರೆತು ಚಲಿಸುತ್ತಿದ್ದವು. ಒಂದು ಮುಖದಿಂದ ಇನ್ನೊಂದಕ್ಕೆ ಜಿಗಿತವೇ ಇಲ್ಲ. ನಿಮ್ಮ ಪ್ರೋಗ್ರಾಮಿನಲ್ಲಿ 'ಸಂತೋಷ', 'ದುಃಖ' ಎಂಬ ಆರು ಫಂಕ್ಷನ್‌ಗಳ ಬದಲು ಚುರುಕು ಮತ್ತು ಹಿತ ಎಂಬ ಎರಡು ಸಂಖ್ಯೆಗಳನ್ನು ಇಟ್ಟುಕೊಂಡು ಶುರು ಮಾಡಿ. ಒಂದು ವಾರದಲ್ಲಿ ವ್ಯತ್ಯಾಸ ಕಾಣುತ್ತದೆ.

ಈಗ ದಿಗಿಲಿನ ವಿಷಯ. ಅದು ಮುಖ ಚಲಿಸತೊಡಗಿದಾಗ ಶುರುವಾಯಿತು ಎಂದು ನೀವೇ ಬರೆದಿದ್ದೀರಿ. ಉತ್ತರ ಅಲ್ಲೇ ಇದೆ. ಮನುಷ್ಯರನ್ನು ಹೋಲುತ್ತ ಹೋದಂತೆ ರೋಬೋಟ್ ಇಷ್ಟವಾಗುತ್ತ ಹೋಗಿ, ಪೂರ್ಣ ಹೋಲಿಕೆಗೆ ಸ್ವಲ್ಪ ಮೊದಲು ಇದ್ದಕ್ಕಿದ್ದಂತೆ ಕಸಿವಿಸಿ ಹುಟ್ಟಿಸುತ್ತದೆ ಎಂಬ ವಾದವನ್ನು ಜಪಾನಿನ ರೋಬೋಟ್ ತಜ್ಞ ಮಸಾಹಿರೊ ಮೋರಿ 1970ರಲ್ಲಿ ಮುಂದಿಟ್ಟರು. ಎಲ್ಲರೂ ಉದ್ಧರಿಸುವ ಆ ಪುಟ್ಟ ಲೇಖನದಲ್ಲಿ ಹೆಚ್ಚಿನವರು ಗಮನಿಸದ ಒಂದು ಭಾಗವಿದೆ. ಆ ವರ್ಷ ಒಸಾಕಾದ ವಿಶ್ವ ಮೇಳದಲ್ಲಿ ಮುಖಕ್ಕೆ 29 ಜೋಡಿ ಕೃತಕ ಸ್ನಾಯುಗಳನ್ನು ಅಳವಡಿಸಿದ ರೋಬೋಟ್ ಇತ್ತು. ಅದರ ನಗುವಿನ ವೇಗವನ್ನು ಅರ್ಧಕ್ಕಿಳಿಸಿದರೆ ಸಾಕು, ನಗು ಹೋಗಿ ಭಯಾನಕವಾಗುತ್ತಿತ್ತು. ಮುಖದ ಒಂದು ಗೆರೆಯೂ ಬದಲಾಗದೆ, ಬರೀ ವೇಗದಿಂದ! ಇನ್ನೊಂದು ಸಂಗತಿ: ಕಸಿವಿಸಿಯ ಆ ಕುಸಿತವನ್ನು ಮೋರಿ ಕಣಿವೆ ಎಂದು ಕರೆದರು, ಆದರೆ ಅವರ ಸಲಹೆ ಕಣಿವೆ ದಾಟಿ ಎಂದಾಗಿರಲಿಲ್ಲ. ಈಚೆಯ ದಡದ ಶಿಖರದಲ್ಲೇ ನಿಲ್ಲಿ, ಹೋಲಿಕೆ ಸ್ವಲ್ಪ ಕಡಿಮೆಯೇ ಇರಲಿ ಎಂದಾಗಿತ್ತು. ನಿಮ್ಮ ಮೊದಲ ಪ್ರಶ್ನೆಗೆ ನನ್ನ ಉತ್ತರವೂ ಅದೇ. ಮನುಷ್ಯರ ಮುಖಕ್ಕೆ ಹತ್ತಿರ ತರಬೇಡಿ. ಈಗಿರುವ ಸರಳ ಮುಖವನ್ನು ಸರಿಯಾದ ಲಯದಲ್ಲಿ ಆಡಿಸಿ.

ಲಯವೆಂದರೆ ಏನು? ಕಣ್ಣು ಮಿಟುಕಿಸುವುದನ್ನೇ ತೆಗೆದುಕೊಳ್ಳಿ. ರೆಪ್ಪೆ ಮುಚ್ಚುವುದು ಬೇಗ, ತೆರೆಯುವುದು ನಿಧಾನ. ಸೆಕೆಂಡಿಗೆ 30 ಚಿತ್ರ ಓಡುವ ಪರದೆಯಲ್ಲಿ ಮುಚ್ಚಲು ಮೂರು ಚಿತ್ರ, ಮುಚ್ಚಿದ್ದು ಒಂದು, ತೆರೆಯಲು ಐದಾರು ಚಿತ್ರ ಕೊಟ್ಟು ನೋಡಿ. ಎರಡಕ್ಕೂ ಸಮ ಕಾಲ ಕೊಟ್ಟರೆ ಕಣ್ಣು ಕವಾಟವಾಗುತ್ತದೆ. ಸುಮ್ಮನೆ ಕೂತ ಮನುಷ್ಯರು ನಿಮಿಷಕ್ಕೆ ಸುಮಾರು 15ರಿಂದ 20 ಬಾರಿ ರೆಪ್ಪೆ ಬಡಿಯುತ್ತಾರೆ, ಆದರೆ ಸಮ ಅಂತರದಲ್ಲಲ್ಲ. ನಾಲ್ಕು ಸೆಕೆಂಡಿಗೊಮ್ಮೆ ತಪ್ಪದೆ ಬಡಿಯುವ ರೆಪ್ಪೆ ಎಚ್ಚರಿಕೆಯ ದೀಪದಂತೆ ಕಾಣುತ್ತದೆ. ಅಂತರವನ್ನು ಯಾದೃಚ್ಛಿಕವಾಗಿಸಿ. ನೋಟ ದೂರ ಹೊರಳುವಾಗ ಒಂದು ಮಿಟುಕು ಸೇರಿಸಿ. ಹಾಗೆಯೇ ಕಣ್ಣಾಲಿ ಜಾರುವುದಿಲ್ಲ, ನೆಗೆಯುತ್ತದೆ. ಹತ್ತು ಡಿಗ್ರಿ ಹೊರಳಲು ಮನುಷ್ಯರ ಕಣ್ಣಿಗೆ 40ರಿಂದ 50 ಮಿಲಿಸೆಕೆಂಡ್ ಸಾಕು, ಅಂದರೆ ಪರದೆಯ ಒಂದೋ ಎರಡೋ ಚಿತ್ರ. ನಯವಾಗಿರಲಿ ಎಂದು ಅರ್ಧ ಸೆಕೆಂಡ್ ತೆಗೆದುಕೊಂಡು ಜಾರಿಸಿದರೆ ಆ ದಿಗಿಲು ಹುಟ್ಟುವುದು ಅಲ್ಲೇ. ಕಣ್ಣು ಮೊದಲು ನೆಗೆಯಲಿ, ಕತ್ತು ಹಿಂಬಾಲಿಸಲಿ, ಕತ್ತು ತಿರುಗುವಷ್ಟೂ ಕಣ್ಣು ಹಿಮ್ಮುಖವಾಗಿ ಹೊರಳಿ ಗುರಿಯ ಮೇಲೆ ನಿಲ್ಲಲಿ. ಈ ಮೂರನ್ನು ಸರಿ ಮಾಡಿದವರಿಗೆ ಹುಬ್ಬಿನ ಕೆಲಸ ಅರ್ಧಕ್ಕಿಳಿಯುತ್ತದೆ.

ನೋಟ ತಪ್ಪಿಸುವುದನ್ನೂ ಕಲಿಸಿ. ಎವೆಯಿಕ್ಕದೆ ನೋಡುತ್ತಲೇ ಇದ್ದರೆ ಗಮನವಿಟ್ಟು ಕೇಳುತ್ತಿದೆ ಎಂದು ಯಾರಿಗೂ ಅನಿಸುವುದಿಲ್ಲ. ವಿಸ್ಕಾನ್ಸಿನ್ ವಿಶ್ವವಿದ್ಯಾಲಯದ ಸಂಶೋಧಕರು 2014ರಲ್ಲಿ ನೇಯೊ ಎಂಬ ಪುಟ್ಟ ರೋಬೋಟ್‌ನಲ್ಲಿ ಇದನ್ನು ನೋಡಿದರು. ಅದರ ಕಣ್ಣು ಹೊರಳುವುದಿಲ್ಲ, ಆದ್ದರಿಂದ ತಲೆಯನ್ನೇ ಪಕ್ಕಕ್ಕೆ ತಿರುಗಿಸಿದರು. ಸರಿಯಾದ ಹೊತ್ತಿಗೆ ನೋಟ ತಪ್ಪಿಸಿದ ರೋಬೋಟ್ ಜನರಿಗೆ ಹೆಚ್ಚು ವಿಚಾರವಂತವಾಗಿ ಕಂಡಿತು, ಮಾತಿನ ಸರದಿಯನ್ನೂ ಉಳಿಸಿಕೊಂಡಿತು. ನಿಮಗೆ ಇದು ನೇರವಾಗಿ ಉಪಯೋಗಕ್ಕೆ ಬರುತ್ತದೆ. ಮನುಷ್ಯರ ಸಂಭಾಷಣೆಯಲ್ಲಿ ಒಬ್ಬರು ನಿಲ್ಲಿಸಿ ಇನ್ನೊಬ್ಬರು ಶುರು ಮಾಡುವ ನಡುವಿನ ಬಿಡುವು ಸಾಮಾನ್ಯವಾಗಿ 200 ಮಿಲಿಸೆಕೆಂಡ್ ಆಸುಪಾಸು. ನಿಮ್ಮ ಯಂತ್ರಕ್ಕೆ ಉತ್ತರ ಹುಡುಕಲು ಒಂದೆರಡು ಸೆಕೆಂಡ್ ಬೇಕು. ಆ ಹೊತ್ತಿನಲ್ಲಿ ಮುಖ ಸುಮ್ಮನಿದ್ದರೆ ಜನರು ಪ್ರಶ್ನೆಯನ್ನು ಮತ್ತೆ ಕೇಳುತ್ತಾರೆ, ಎರಡೂ ಮಾತು ಡಿಕ್ಕಿಯಾಗುತ್ತವೆ. ಪ್ರಶ್ನೆ ಮುಗಿದ ತಕ್ಷಣ ಕಣ್ಣು ಮೇಲಕ್ಕೋ ಪಕ್ಕಕ್ಕೋ ಸರಿದು, ಉತ್ತರ ಸಿದ್ಧವಾದಾಗ ಮರಳಿ ಬಂದರೆ ಯಾರೂ ಅಡ್ಡ ಬರುವುದಿಲ್ಲ.

ಬಾಯಿಯ ಬಗ್ಗೆ ನನ್ನ ಅಭಿಪ್ರಾಯ ಕಟು: ಸರಿಯಾಗಿ ಆಡಿಸಲಾಗದಿದ್ದರೆ ತೆಗೆದುಹಾಕಿ. ಪ್ರಸಾರ ಮಾಧ್ಯಮಗಳ ಅಂತರರಾಷ್ಟ್ರೀಯ ಮಾರ್ಗಸೂಚಿಯ ಪ್ರಕಾರ ಧ್ವನಿ ತುಟಿಗಿಂತ 45 ಮಿಲಿಸೆಕೆಂಡ್ ಮುಂದೆ ಹೋದರೆ ಅಥವಾ 125 ಮಿಲಿಸೆಕೆಂಡ್ ಹಿಂದೆ ಬಿದ್ದರೆ ನೋಡುಗರಿಗೆ ಗೊತ್ತಾಗುತ್ತದೆ. ಅಗ್ಗದ ಕಂಪ್ಯೂಟರ್ ಬೋರ್ಡಿನಲ್ಲಿ ಆ ಮಿತಿ ಕಾಯುವುದು ಸುಲಭವಲ್ಲ. ಮಾತಿಗೆ ತಕ್ಕಂತೆ ಮಿನುಗುವ ಒಂದು ಗೆರೆ ಸಾಕು. ತುಟಿ ಎಂಬ ಭರವಸೆಯನ್ನೇ ಅದು ಕೊಡುವುದಿಲ್ಲವಾದ್ದರಿಂದ ಯಾರೂ ತುಟಿಯ ಲೆಕ್ಕ ಕೇಳುವುದಿಲ್ಲ. ಮೂಗು, ರೆಪ್ಪೆ, ಬಾಯಿ ಇರುವ ಮುಖಗಳು ಜನರಿಗೆ ಹೆಚ್ಚು ಮನುಷ್ಯರಂತೆ ತೋರುತ್ತವೆ ಎಂದು 48 ರೋಬೋಟ್‌ಗಳ ಚಿತ್ರಗಳನ್ನಿಟ್ಟು 2002ರಲ್ಲಿ ಕಾರ್ನೆಗಿ ಮೆಲನ್‌ನಲ್ಲಿ ನಡೆದ ಅಧ್ಯಯನ ತೋರಿಸಿತ್ತು. ಮನುಷ್ಯರಂತೆ ತೋರಿದಷ್ಟೂ ನಿರೀಕ್ಷೆ ಏರುತ್ತದೆ, ನಿರೀಕ್ಷೆ ಏರಿದಷ್ಟೂ ಸಣ್ಣ ಎಡವಟ್ಟು ಕಣ್ಣಿಗೆ ಹೊಡೆಯುತ್ತದೆ.

ಪರದೆಯೋ ಮೋಟರೋ? ನಿಮಗೆ ಪರದೆ. ದಿನಕ್ಕೆ ಹಲವು ಬಗೆಯ ಹುಬ್ಬು ಬರೆದು ಅಳಿಸಬಹುದು, ಸದ್ದಿಲ್ಲ, ಸವೆತವಿಲ್ಲ. ಹೇಳಿದ ಕೋನಕ್ಕೆ ತಿರುಗಿ ನಿಲ್ಲುವ ಸಣ್ಣ ಸರ್ವೋ ಮೋಟರ್‌ಗಳ ದೊಡ್ಡ ತೊಂದರೆ ಅವುಗಳ ಸದ್ದು. ಪ್ರತಿ ಮಿಟುಕಿಗೂ 'ಝುಯ್' ಎಂದರೆ ಕರುಣೆಯ ಮುಖವೂ ನಗೆ ತರಿಸುತ್ತದೆ. ಪರದೆಗೂ ಒಂದು ಕುಂದಿದೆ. ಸಪಾಟು ಪರದೆಯಲ್ಲಿ ನೇರವಾಗಿ ನೋಡುವ ಕಣ್ಣು ಎದುರಿಗಿರುವ ಎಲ್ಲರನ್ನೂ ಒಟ್ಟಿಗೆ ನೋಡುತ್ತಿರುವಂತೆ ಕಾಣುತ್ತದೆ, ಭಾವಚಿತ್ರದ ಕಣ್ಣು ಹಿಂಬಾಲಿಸಿದಂತೆ ತೋರುವುದೂ ಇದೇ ಕಾರಣಕ್ಕೆ. ಇಬ್ಬರು ಕೂತಿದ್ದರೆ ಯಾರನ್ನು ಮಾತನಾಡಿಸುತ್ತಿದೆ ಎಂದೇ ತಿಳಿಯದು. ಸ್ವೀಡನ್ನಿನ ಫರ್ಹಾಟ್ ರೋಬೋಟ್ ಮುಖದ ಆಕಾರದ ಅರೆಪಾರದರ್ಶಕ ಮುಖವಾಡದ ಮೇಲೆ ಹಿಂದಿನಿಂದ ಬೆಳಕು ಚೆಲ್ಲಿ ಇದನ್ನು ನಿವಾರಿಸಿಕೊಂಡಿತು. ನಿಮಗೆ ಅಷ್ಟು ಬೇಡ, ಪರದೆಯನ್ನು ಒಂದು ಕತ್ತಿನ ಮೋಟರ್ ಮೇಲೆ ಕೂರಿಸಿ. ಸಿಲಿಕೋನ್ ಚರ್ಮದ ಸಹವಾಸಕ್ಕೆ ಈಗಲೇ ಹೋಗಬೇಡಿ. ಕೊಲಂಬಿಯಾ ವಿಶ್ವವಿದ್ಯಾಲಯದ ಹಾಡ್ ಲಿಪ್ಸನ್ ತಂಡ 2024ರಲ್ಲಿ ತೋರಿಸಿದ 'ಎಮೊ' 26 ಮೋಟರ್‌ಗಳಿಂದ ಸಿಲಿಕೋನ್ ಮುಖ ಆಡಿಸಿ, ಎದುರಿನವರ ನಗುವನ್ನು ಸುಮಾರು 840 ಮಿಲಿಸೆಕೆಂಡ್ ಮೊದಲೇ ಊಹಿಸಿ ಜೊತೆಯಲ್ಲೇ ನಗುತ್ತದೆ. ಅಲ್ಲೂ ಅವರು ಬೆನ್ನಟ್ಟಿದ್ದು ಕಾಲವನ್ನೇ ಎಂಬುದನ್ನು ಗಮನಿಸಿ: ತಡವಾಗಿ ಬರುವ ನಗು ಅಣಕದಂತೆ ಕಾಣುತ್ತದೆ.

ಸ್ವಿಚ್ ಆಫ್ ಮಾಡುವಾಗ ಅಳುಮುಖ ಬೇಡ. ಕೆಲಸ ಮಾಡುವುದಿಲ್ಲ ಎಂದಲ್ಲ, ತೀರಾ ಚೆನ್ನಾಗಿ ಮಾಡುತ್ತದೆ. 2018ರಲ್ಲಿ ಪ್ರಕಟವಾದ ಜರ್ಮನಿಯ ಒಂದು ಪ್ರಯೋಗದಲ್ಲಿ, ಮುಖಭಾವವೇ ಬದಲಾಗದ ಅದೇ ನೇಯೊ 'ದಯವಿಟ್ಟು ಆಫ್ ಮಾಡಬೇಡಿ' ಎಂದು ಗೋಗರೆದಾಗ ಅದನ್ನು ಕೇಳಿದ 43 ಜನರಲ್ಲಿ 13 ಜನ ಆಫ್ ಮಾಡಲಿಲ್ಲ, ಉಳಿದವರೂ ಹಿಂದೆಮುಂದೆ ನೋಡಿದರು. ಒಳಗೆ ಯಾವ ಸಂಕಟವೂ ಇಲ್ಲದ ಯಂತ್ರದಿಂದ ಮನುಷ್ಯರ ಮರುಕವನ್ನು ವಸೂಲಿ ಮಾಡುವುದು ನನಗೆ ಸರಿ ಕಾಣುವುದಿಲ್ಲ. ಬ್ರಿಟನ್ನಿನಲ್ಲಿ 2010ರಲ್ಲಿ ರೂಪಿಸಿದ ರೋಬೋಟ್ ತತ್ತ್ವಗಳೂ ದುರ್ಬಲರನ್ನು ಮೋಸಗೊಳಿಸುವಂತೆ ವಿನ್ಯಾಸ ಇರಬಾರದು, ಯಂತ್ರವೆಂಬುದು ಸ್ಪಷ್ಟವಾಗಿರಬೇಕು ಎನ್ನುತ್ತವೆ. ರೆಪ್ಪೆ ನಿಧಾನವಾಗಿ ಮುಚ್ಚಿ ಪರದೆ ಆರಲಿ. ನಿಮ್ಮ ನಿದ್ದೆಯ ಮುಖ ಹೇಗೂ ಸಿದ್ಧವಿದೆ.

ಕೊನೆಗೆ ಪರೀಕ್ಷೆಯ ವಿಧಾನ. ಆರರಲ್ಲಿ ಒಂದನ್ನು ಆರಿಸಿ ಎಂದು ಕೇಳಿದಾಗ ಪಟ್ಟಿಯೇ ಅರ್ಧ ಉತ್ತರ ಹೇಳಿಕೊಡುತ್ತದೆ. ಪಟ್ಟಿಯಲ್ಲಿ ಇಲ್ಲದ 'ನಿದ್ದೆ' ಎಂಬ ಮಾತು ನಗುವಿನ ನಡುವೆ ಹೊರಬಂತಲ್ಲ, ನಿಮ್ಮ ಇಡೀ ಪರೀಕ್ಷೆಯಲ್ಲಿ ಅತ್ಯಂತ ಬೆಲೆಯುಳ್ಳ ಮಾಹಿತಿ ಅದೇ ಆಗಿತ್ತು. ಮುಂದಿನ ಬಾರಿ ಸ್ಥಿರ ಚಿತ್ರ ಬೇಡ, ಪಟ್ಟಿಯೂ ಬೇಡ. ಪ್ರಶ್ನೆ ಕೇಳುವುದು, ಉತ್ತರ ತಡವಾಗುವುದು, ತಪ್ಪು ಕೇಳಿಸಿಕೊಳ್ಳುವುದು ಇಂಥ ನಿಜವಾದ ಸನ್ನಿವೇಶಗಳಲ್ಲಿ ರೋಬೋಟನ್ನು ಆಡಲು ಬಿಟ್ಟು, ನಡುವೆ ನಿಲ್ಲಿಸಿ 'ಈಗ ಇದು ಏನು ಮಾಡಲಿದೆ?' ಎಂದು ಕೇಳಿ. ಉತ್ತರವನ್ನು ಅವರ ಮಾತಿನಲ್ಲೇ ಬರೆದುಕೊಳ್ಳಿ. ಭಾವವನ್ನು ಓದುವಾಗ ಜಪಾನಿನವರು ಕಣ್ಣಿಗೂ ಅಮೆರಿಕದವರು ಬಾಯಿಗೂ ಹೆಚ್ಚು ತೂಕ ಕೊಟ್ಟರು ಎಂದು 2007ರ ಒಂದು ಅಧ್ಯಯನ ತೋರಿಸಿದೆ. ಆದ್ದರಿಂದ ರೋಬೋಟನ್ನು ಯಾರು ಬಳಸುತ್ತಾರೋ ಅವರನ್ನೇ ಕೂರಿಸಿಕೊಂಡು ಕೇಳಬೇಕು, ಸಿಕ್ಕ ಸಹಪಾಠಿಗಳನ್ನಲ್ಲ. ಅದರಲ್ಲೂ ರೋಬೋಟ್ ಮಾಡುವುದನ್ನು ದಿನವೂ ನೋಡುತ್ತಿದ್ದ ಗೆಳೆಯರು ಬೇಡವೇ ಬೇಡ, ಅವರಿಗೆ ಎಲ್ಲ ಮುಖವೂ ಆಗಲೇ ಬಾಯಿಪಾಠವಾಗಿರುತ್ತದೆ.